ಗಡಿಯಾಚೆಯ ನಮ್ಮವರೂ ನಮ್ಮೂರಿನ ಪರರೂ

1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಾಗ ಅಲ್ಲಿಯ ಕನ್ನಡಿಗರು ಸ್ವಂತ ನೆಲದಲ್ಲಿಯೇ ಅಲ್ಪಸಂಖ್ಯಾತರಾದರು. ಚಂದ್ರಗಿರಿ ಹೊಳೆಯ ಉತ್ತರಭಾಗವು ಮೈಸೂರಿಗೆ ಸೇರತಕ್ಕದ್ದೆಂದು ಮಹಾಜನ ಆಯೋಗವು 1967ರಲ್ಲಿ ಹೇಳಿತು, ಅದು ನೆರವೇರಲಿಲ್ಲ. ಅವರ ಮಕ್ಕಳಿಗೆ ತಾಯ್ನುಡಿಯ ಪಾಠವು ದೊರೆಯಲೆಂದು ನಾವು ಕೇಳುವುದು ನ್ಯಾಯವೇ. ಯಲಹಂಕ, ಹೆಬ್ಬಾಳಗಳಲ್ಲಿರುವ ತೆಲುಗರೂ ತಮಿಳರೂ ಅದನ್ನೇ ಕೇಳಿದರೆ?

1919ರಲ್ಲಿ ಪೋಲೆಂಡ್ ದೇಶವು ತನ್ನೊಳಗಿನ ಅನ್ಯಭಾಷೆಯವರನ್ನು ಕಾಪಾಡುವೆನೆಂದು ಒಡಂಬಡಿಕೆಗೆ ಸಹಿಹಾಕಿತು. ಅದನ್ನು ಹೊರಿಸಿದ ದೊಡ್ಡ ರಾಜ್ಯಗಳೋ ಆ ನೊಗಕ್ಕೆ ತಮ್ಮ ಹೆಗಲನ್ನು ಕೊಡಲಿಲ್ಲ. ಎಲ್ಲರಿಗೂ ಒಂದೇ ಕಟ್ಟಳೆಯಾಗುವ ತನಕ ತಾನೂ ಸಹಕರಿಸೆನೆಂದು 1934ರಲ್ಲಿ ಪೋಲೆಂಡ್ ಹೇಳಿತು. ಆ ದೂರು ಸತ್ಯವಾದದ್ದು, ಆದರೂ ನೆಪವೇ. ಕಷ್ಟವು ಬಂದದ್ದು ದುರ್ಬಲರ ಮೇಲೆ. ಕೇರಳದವರು ಮೊದಲು ಕೊಡಲಿ ಎನ್ನುವವನು ಅದೇ ನೆಪವನ್ನು ಹೇಳುತ್ತಾನೆ. ನಮ್ಮ ಸಭೆಯಲ್ಲಿಯೂ ಮುದುಕಿಯೊಬ್ಬಳು ತಮಿಳಿನಲ್ಲಿ ಪ್ರಾರ್ಥಿಸತೊಡಗಿದರೆ ಮುಂದೆ ಕುಳಿತವರು ತಿರುಗಿ ನೋಡುವುದುಂಟು.