ದೇವರ ಹೂವಿಗೆ ಮೂಳೆ ಗೊಬ್ಬರ ಹಾಕಬಹುದೇ?

ನಮ್ಮ ಹೊಸೂರು ಸೀಮೆ ಅಂದರೆ ರೋಜಾ ಹೂವಿನ ಸೀಮೆ. ಫೆಬ್ರವರಿ 14ರ ಹೊತ್ತಿಗೆ ಇಲ್ಲಿನ ಹೂವು ವಿಮಾನ ಹತ್ತಿ ಪರದೇಶಕ್ಕೂ ಹೋಗುತ್ತೆ. ಅದು ದೊಡ್ಡವರ ಬೇಸಾಯ. ನಾನು ಹೇಳೋದು ನಮ್ಮ ಮನೆ ಮುಂದಿನ ಹನ್ನೆರಡು ಗಿಡದ ಮಾತು.

ಆ ಹೂವು ಮಾರೋಕಲ್ಲ. ದೇವರ ಪಟಕ್ಕೆ, ಸೊಸೆ ಮುಡಿಗೆ, ಶನಿವಾರ ಭಜನೆ ಮನೆಗೆ. ಹಿಂದೆ ಎರಡು ಜೊತೆ ಎತ್ತು, ನಾಲ್ಕು ಹಸು ಇದ್ದವು, ತಿಪ್ಪೆ ತುಂಬಿರೋದು. ಈಗ ಒಂದೇ ಹಸು. ಅದರ ಗೊಬ್ಬರ ರಾಗಿ ಹೊಲಕ್ಕೇ ಸಾಲದು. ಅಂಗಳದ ಗಿಡಕ್ಕೆ ಅಂಗಡಿಯಿಂದ ತರಬೇಕಾಯ್ತು.

ಯಾವುದು ತರೋದು? ನನಗೆ ತಿಳಿದಷ್ಟು ಹೇಳ್ತೀನಿ. ಹಸಿ ಸಗಣಿ ಬುಡಕ್ಕೆ ಹಾಕಬಾರದು. ಕಾವಿಗೆ ಬೇರು ಸುಡುತ್ತೆ, ಗೊಣ್ಣೆ ಹುಳ ಬರುತ್ತೆ. ಆರು ತಿಂಗಳು ಕೊಳೆತು, ಕಪ್ಪಾಗಿ, ಮಣ್ಣಿನ ವಾಸನೆ ಬಂದರೆ ಅದು ಗೊಬ್ಬರ. ಹೊಂಗೆ ಹಿಂಡಿ, ಬೇವಿನ ಹಿಂಡಿ ಚಿಗುರಿಗೆ ಒಳ್ಳೇದು. ಬೇವಿನದು ಬೇರಿನ ಹುಳವನ್ನೂ ತಡೆಯುತ್ತೆ. ಮೂಳೆ ಪುಡಿಯಲ್ಲಿ ರಂಜಕ, ಸುಣ್ಣ ಇರುತ್ತೆ. ನಿಧಾನವಾಗಿ ಕರಗಿ ಬೇರಿಗೆ, ಮೊಗ್ಗಿಗೆ ಬಲ ಕೊಡುತ್ತೆ. ಕೊಂಬೆ ಸವರಿದ ಮೇಲೆ ಗಿಡಕ್ಕೊಂದು ಹಿಡಿ ಹಾಕಿ ಮಣ್ಣು ಮುಚ್ಚಬೇಕು, ಇಲ್ಲದಿದ್ದರೆ ನಾಯಿ ಕೆದಕುತ್ತೆ.

ನಾನು ಸರಿಯಾಗಿ ಮುಚ್ಚಲಿಲ್ಲ, ನಾಯಿ ಕೆದಕಿತು. ನಮ್ಮಾಕೆ ಬಂದು ನೋಡಿ, "ದೇವರಿಗೆ ಏರಿಸೋ ಹೂವಿಗೆ ಮೂಳೆ ಹಾಕಿದ್ದೀರಾ?" ಅಂದಳು.

"ಸಗಣಿ ಉಂಡ ಗಿಡದ ಹೂವು ಸಗಣಿ ನಾತ ಬೀರುತ್ತಾ? ಮಣ್ಣಿಗೆ ಹೋದದ್ದೆಲ್ಲ ಮಣ್ಣೇ. ನಾನು ದೇವರ ಮುಂದೆ ಬಾರಿಸೋ ದಮ್ಮಡಿ ಯಾತರದ್ದು? ಚರ್ಮದ್ದು ತಾನೆ? ಚರ್ಮ ಸಲ್ಲುತ್ತೆ, ಮೂಳೆ ಸಲ್ಲಲ್ವಾ?" ಅಂದೆ. ಆಕೆ ಮಾತಾಡಲಿಲ್ಲ. ನಾನು ಗೆದ್ದೆ ಅಂದುಕೊಂಡೆ.

ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಅಪ್ಪ ಸತ್ತ ಎತ್ತನ್ನ ಬದುವಿನ ಹೊಂಗೆ ಮರದ ಕೆಳಗೆ ಹೂಳಿದ್ದ. ಆ ಮರದ ಸೊಪ್ಪನ್ನೇ ಗದ್ದೆಗೆ ತುಳಿದು ಅನ್ನ ಉಂಡೆವು. ಅದೂ ಮೂಳೆ ಗೊಬ್ಬರವೇ. ನಾನೋ, ಹದಿನಾಲ್ಕು ವರ್ಷ ಉತ್ತ ಎತ್ತಿಗೆ ಕಾಲು ಹೋದಾಗ ಸಂತೆಗೆ ಹೊಡೆದುಕೊಂಡು ಹೋಗಿ ದಲ್ಲಾಳಿ ಕೈಗೆ ಹಗ್ಗ ಕೊಟ್ಟು ಬಂದೆ. ಅದು ತಿರುಗಿ ನೋಡಿತು. ಅಂಗಡಿ ಚೀಲದಲ್ಲಿರೋದು ಯಾರ ಮನೆ ಎತ್ತಿನ ಮೂಳೆಯೋ, ಯಾರಿಗೆ ಗೊತ್ತು?

ಹೂವಿಗೆ ಮೈಲಿಗೆ ಇಲ್ಲ ಅಂತ ಈಗಲೂ ಹೇಳ್ತೀನಿ. ಗಿಡ ಕುಲ ಕೇಳಲ್ಲ, ಕೊಟ್ಟದ್ದು ಉಂಡು ಹೂ ಬಿಡುತ್ತೆ. ಆದರೆ ದುಡಿದ ಜೀವಕ್ಕೆ ಕೊನೆಗಾಲದಲ್ಲಿ ಒಂದು ಹಿಡಿ ಹುಲ್ಲು ಕೊಡದವನು ಹೂವಿನ ಮಡಿ ಬಗ್ಗೆ ವಾದ ಮಾಡಿ ಗೆಲ್ಲೋದು ಯಾವ ನ್ಯಾಯ? ಮೇವಿಲ್ಲದೆ ಕಣ್ಣೀರಿಟ್ಟು ಮಾರೋ ಬಡವರನ್ನ ನಾನು ಅನ್ನಲ್ಲ. ನನಗೆ ಆ ವರ್ಷ ಮೇವಿತ್ತು. ಅದೇ ನನ್ನ ತಪ್ಪು.

ಚೀಲದಲ್ಲಿ ಉಳಿದ ಪುಡಿಯನ್ನ ಗಿಡಕ್ಕೇ ಹಾಕಿದೆ, ಬಿಸಾಡಿದರೆ ಅದಕ್ಕೂ ಅವಮಾನ. ಇನ್ನೊಂದು ಚೀಲ ತರಲಿಲ್ಲ. ಈಗ ಒಣ ಎಲೆ, ಒಲೆ ಬೂದಿ, ಕೊಟ್ಟಿಗೆ ಕಸ ಗುಂಡಿಗೆ ಹಾಕಿ ಕೊಳೆಸ್ತೀನಿ, ಜೊತೆಗೆ ಹೊಂಗೆ ಹಿಂಡಿ. ಹೂವು ಸ್ವಲ್ಪ ಸಣ್ಣದು, ಇರಲಿ.

ಇರೋ ಹಸುವಿಗೆ ವಯಸ್ಸಾಗಿದೆ, ಹಾಲು ನಿಲ್ಲುತ್ತಾ ಬಂದಿದೆ. "ಇದನ್ನ ಏನು ಮಾಡ್ತೀರಾ?" ಅಂತ ನಮ್ಮಾಕೆ ಮೊನ್ನೆ ಕೇಳಿದಳು. ಹಾಲು ನಿಂತರೂ ಸಗಣಿ ನಿಲ್ಲಲ್ಲ, ಇರಲಿ ಅಂದೆ. ಮಾರನೇ ದಿನ ಆಕೆ ಮೂಳೆ ಪುಡಿ ಉಂಡ ಗಿಡದ ಹೂವನ್ನೇ ಕಿತ್ತು ದೇವರಿಗೆ ಇಟ್ಟಳು.