ಕರ್ದಮರು ಕಂಡ ಸೇವೆ



ಶ್ರಾವಣಮಾಸದ ಶುಕ್ರವಾರಗಳಲ್ಲಿ ನಮ್ಮ ಭಾಗದ ಅನೇಕ ಮನೆಗಳಲ್ಲಿ ತಾಯಂದಿರು ಜೀವಂತಿಕಾ ಪೂಜೆಯನ್ನು ಮಾಡಿ ಮಕ್ಕಳಿಗೆ ಆರತಿ ಬೆಳಗುತ್ತಾರೆ. ಪರಸ್ಥಳದಲ್ಲಿರುವ ಮಕ್ಕಳಿಗಾಗಿ ನಾಲ್ಕೂ ದಿಕ್ಕಿಗೆ ಅಕ್ಷತೆ ಹಾಕುತ್ತಾರೆ. ವರ್ಷವೆಲ್ಲ ಆ ತಾಯಿ ಮಾಡುವ ಸೇವೆಯನ್ನು ಮನೆಯ ಯಜಮಾನನು ಎಷ್ಟರಮಟ್ಟಿಗೆ ಕಂಡಿದ್ದಾನೆ ಎಂಬುದು ಇಂದಿನ ವಿಚಾರ.

ಶ್ರೀಮದ್ಭಾಗವತದ ತೃತೀಯ ಸ್ಕಂಧದಲ್ಲಿ ಕರ್ದಮ ಪ್ರಜಾಪತಿಗಳ ಚರಿತ್ರೆ ಇದೆ. ಸರಸ್ವತೀತೀರದಲ್ಲಿ ಹತ್ತು ಸಾವಿರ ವರ್ಷ ತಪಸ್ಸು ಮಾಡಿದ ಮಹಾನುಭಾವರು ಅವರು. ಸ್ವಾಯಂಭುವ ಮನುವಿನ ಮಗಳಾದ ದೇವಹೂತಿಯು ಅರಮನೆಯ ಸುಖವನ್ನು ಬಿಟ್ಟು ಬಂದು, ಅವರ ಸೇವೆಯಲ್ಲಿ ದೇಹವನ್ನು ಸವೆಸಿದಳು. ಕೃಶಳಾದ ಆಕೆಯನ್ನು ಕಂಡು ಮುನಿಗಳ ಕಂಠ ಗದ್ಗದವಾಯಿತು. ‘ನಿನ್ನ ಸೇವೆಯಿಂದ ಪ್ರಸನ್ನನಾಗಿದ್ದೇನೆ’ ಎಂದು ಬಾಯಿಬಿಟ್ಟು ಹೇಳಿದರು. ಮನಸ್ಸಿನಲ್ಲಿ ಮೆಚ್ಚಿ ಸುಮ್ಮನಿರಲಿಲ್ಲ.

ಮುಂದೆ ಒಂಬತ್ತು ಹೆಣ್ಣುಮಕ್ಕಳಾದರು. ಕರ್ದಮರು ಸಂನ್ಯಾಸಕ್ಕೆ ಹೊರಟು ನಿಂತರು. ಆಗ ದೇವಹೂತಿಯು, ಈ ಮಕ್ಕಳಿಗೆ ಯೋಗ್ಯ ವರರು ಸಿಗಬೇಡವೇ, ತಾವು ಹೋದ ಮೇಲೆ ನನ್ನ ದುಃಖವನ್ನು ಕಳೆಯುವವರು ಯಾರು ಎಂದು ಬಿನ್ನವಿಸಿಕೊಂಡಳು. ಮುನಿಗಳು ಅದನ್ನು ಹೆಂಗಸಿನ ಮೋಹವೆಂದು ಜರಿಯಲಿಲ್ಲ. ಭಗವಂತನೇ ನಿನ್ನ ಗರ್ಭದಲ್ಲಿ ಅವತರಿಸುವನೆಂದು ಸಮಾಧಾನ ಹೇಳಿ ನಿಂತರು. ಕಪಿಲಾವತಾರವಾಯಿತು. ಅನಸೂಯೆಯನ್ನು ಅತ್ರಿಗಳಿಗೆ, ಅರುಂಧತಿಯನ್ನು ವಸಿಷ್ಠರಿಗೆ, ಹೀಗೆ ಎಲ್ಲ ಕನ್ಯೆಯರನ್ನೂ ಋಷಿಗಳಿಗೆ ಕೊಟ್ಟ ಮೇಲೆಯೇ ಕರ್ದಮರು ಮನೆ ಬಿಟ್ಟರು. ಅನಂತರ ಕಪಿಲರೂಪೀ ಪರಮಾತ್ಮನು ತತ್ತ್ವೋಪದೇಶ ಮಾಡಿದ್ದು ಆ ತಾಯಿಗೆ.

ನಮ್ಮ ಜಿಲ್ಲೆಯ ಕಾಖಂಡಕಿಯನ್ನೇ ನೋಡಿರಿ. ಶ್ರೀಮಹಿಪತಿದಾಸರು ಗೃಹಸ್ಥರಾಗಿದ್ದೇ ಹರಿದಾಸರಾದರು. ಮಗ ಕೃಷ್ಣದಾಸರೂ ಹರಿದಾಸರಾಗಿ ತಂದೆಯ ಹೆಸರನ್ನು ತಮ್ಮ ಅಂಕಿತದಲ್ಲಿ ಧರಿಸಿದರು. ತಂದೆಯ ಹೆಸರು ಪದಪದದಲ್ಲಿ ಉಳಿಯಿತು. ತೊಟ್ಟಿಲು ತೂಗಿದ ಕೈಗೆ ಅಂಕಿತವಿಲ್ಲ. ಆದರೆ ಆ ಕೈಯಿಲ್ಲದೆ ಆ ಪರಂಪರೆ ಬೆಳೆಯುತ್ತಿತ್ತೇ?

ಇದನ್ನು ಹೇಳುವ ನಾನೂ ತಪ್ಪಿದವನೇ. ಒಂದು ಶ್ರಾವಣ ಶುಕ್ರವಾರ ಮುಂಜಾನೆ ದೇವರಮನೆಗೆ ಬಂದರೆ ತುಳಸಿ ಬಿಡಿಸಿರಲಿಲ್ಲ, ನೈವೇದ್ಯಕ್ಕೆ ಒಲೆ ಹೊತ್ತಿರಲಿಲ್ಲ. ಮನೆಯವಳಿಗೆ ಕಠಿಣವಾಗಿ ಮಾತನಾಡಿದೆ. ಕೂಸಿಗೆ ಜ್ವರ ಬಂದದ್ದು ನನಗೆ ಗೊತ್ತಿತ್ತು; ರಾತ್ರಿ ನಾನು ಮಲಗಿದ್ದೆ. ಹೊರಗೆ ಕುಳಿತಿದ್ದ ನಮ್ಮ ತಂದೆಯವರು ಇಷ್ಟೇ ಅಂದರು: “ತಮ್ಮಾ, ರಾತ್ರಿಯೆಲ್ಲಾ ಕೂಸಿನ ಹಣಿಮ್ಯಾಲೆ ಹಸಿ ಅರಿವಿ ಇಟಗೋತ ಕೂತಾಕಿ ಆಕಿ. ನಿನ್ನ ಅಭಿಷೇಕ ಇನ್ನ ಆಗಬೇಕು, ಆಕಿದು ರಾತ್ರಿನ ಆಗ್ಯದ.” ಐವತ್ತು ವರ್ಷ ದೇವರ ಪೂಜೆ ಮಾಡಿದವರ ಮಾತು ಅದು. ನಾನೇ ಹೋಗಿ ತುಳಸಿ ತಂದೆ.

ಸರ್ವಕರ್ತೃವಾದ ಶ್ರೀಹರಿಯು ಪ್ರತಿಯೊಂದು ಜೀವನಲ್ಲಿಯೂ ಬಿಂಬರೂಪದಿಂದ ಇದ್ದಾನೆಂದು ಶ್ರೀಮದಾಚಾರ್ಯರ ಸಿದ್ಧಾಂತ. ಆ ಅನುಸಂಧಾನದಿಂದ ಮಾಡಿದ ವಿಹಿತಕರ್ಮವೆಲ್ಲ ಆತನ ಪೂಜೆಯೇ. ಕೂಸಿಗೆ ಉಣಿಸುವುದು, ಎರೆಯುವುದು, ರಾತ್ರಿ ಎಚ್ಚರಿರುವುದು ಇದಕ್ಕೆ ಹೊರತಲ್ಲ.

ಆದ್ದರಿಂದ ಗೃಹಸ್ಥರಲ್ಲಿ ಒಂದು ವಿನಂತಿ. ಪ್ರವಚನದ ನಡುವೆ ಕೂಸು ಅತ್ತರೆ ಪ್ರತಿ ಸಲವೂ ತಾಯಿಯೇ ಎದ್ದು ಹೋಗುತ್ತಾಳೆ. ತಂದೆ ಮುಂದಿನ ಸಾಲಿನಲ್ಲಿ ಕುಳಿತು ಶ್ರವಣ ಮಾಡುತ್ತಾನೆ. ದೇವಹೂತಿಗೆ ದೊರೆತ ತತ್ತ್ವಶ್ರವಣ ನಮ್ಮ ಮನೆಯ ತಾಯಿಗೆ ಬೇಡವೇ? ಮುಂದಿನ ಸಲ ಕೂಸನ್ನು ನೀವು ಎತ್ತಿಕೊಂಡು ಪ್ರಾಕಾರದಲ್ಲಿ ಅಡ್ಡಾಡಿರಿ. ಆಕೆ ಕುಳಿತು ಕೇಳಲಿ. ಮನೆಗೆ ಬಂದು, ಆಕೆ ಕೇಳಿದ್ದನ್ನು ಆಕೆಯ ಬಾಯಿಂದಲೇ ಕೇಳಿರಿ. ಕರ್ದಮರಂತೆ ಒಂದು ಒಳ್ಳೆಯ ಮಾತನ್ನೂ ಆಡಿರಿ.

ಶ್ರೀಕೃಷ್ಣಾರ್ಪಣಮಸ್ತು.