ಊಟಕ್ಕೆ ಬಟ್ಟೆಗೆ ಏನು ಕಡಿಮೆ?

‘ಸರ್ಕಾರದ ದುಡ್ಡು’ ಎಂಬ ಮಾತನ್ನು ನಾವೆಲ್ಲ ಎಷ್ಟು ಸಲೀಸಾಗಿ ಆಡುತ್ತೇವೆ! ವಿಧಾನಸೌಧದ ಹಿತ್ತಲಲ್ಲಿ ತಾನಾಗಿ ಫಲ ಬಿಡುವ ಯಾವುದೋ ಮರವಿದೆ ಎಂಬಂತೆ. ನಿಜ ನೋಡಿದರೆ ಸೋಪು, ಟೂತ್‌ಪೇಸ್ಟು, ಸೀರೆ, ಸ್ಟೀಲಿನ ಡಬ್ಬಿ ಕೊಳ್ಳುವಾಗಲೆಲ್ಲ ತೆರಿಗೆ ತೆತ್ತು ಆ ಬೊಕ್ಕಸ ತುಂಬಿಸುವವರು ನಾವೇ. ಅಂದಮೇಲೆ ಆ ದುಡ್ಡು ಎಲ್ಲಿ ಹೋಯಿತು ಎಂದು ಕೇಳುವ ಹಕ್ಕು ನಮಗಿದೆ. ಅಷ್ಟೇ ಅಲ್ಲ, ಅದರಿಂದ ನಡೆದ ಒಳಿತು ಕೆಡುಕಿನಲ್ಲಿ ನಮಗೂ ಒಂದು ಪಾಲಿದೆ.

2023ರ ನವೆಂಬರ್ 25 ಮತ್ತು 26ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಂಬಳ ನಡೆಯಿತು. ರಾಜ್ಯ ಸರ್ಕಾರ ಅದಕ್ಕೆ 1 ಕೋಟಿ ರೂಪಾಯಿ ನೆರವು ಘೋಷಿಸಿತು. ಕರಾವಳಿಯ ನೂರಕ್ಕೂ ಹೆಚ್ಚು ಜೋಡಿ ಕೋಣಗಳು ಲಾರಿ ಏರಿ, ಘಟ್ಟ ಹತ್ತಿ, ಹಾಸನದ ಹೆದ್ದಾರಿ ಹಿಡಿದು, ನಮ್ಮ ನೆಲಮಂಗಲವನ್ನು ದಾಟಿ ರಾಜಧಾನಿಗೆ ಬಂದವು. ಜನವೂ ಜಾತ್ರೆಯಂತೆ ಸೇರಿತು.

ಕಂಬಳ ಬಲ್ಲವರು ಹೇಳುವುದರಲ್ಲಿ ಸುಳ್ಳಿಲ್ಲ. ಆ ಕೋಣಗಳಿಗೆ ಬೇಯಿಸಿದ ಹುರುಳಿ, ಮೈಗೆ ಎಣ್ಣೆ, ಕೆಲವರ ಮನೆಯಲ್ಲಂತೂ ಈಜುವುದಕ್ಕೆ ಕೊಳ. “ಮನೆ ಮಕ್ಕಳಿಗಿಂತ ಹೆಚ್ಚಾಗಿ ಸಾಕುತ್ತೇವೆ” ಎನ್ನುತ್ತಾರೆ, ನಂಬಬಹುದು. ಆದರೆ ಈ ಮಾತು ಕಿವಿಗೆ ಬಿದ್ದಾಗ ಹೆಂಗಸರಾದ ನಮಗೆ ಇನ್ನೊಂದು ಮಾತು ನೆನಪಾಗಬೇಡವೆ? ಏಟು ತಿಂದ ಮಗಳ ಪರವಾಗಿ ತವರಿನವರು ನ್ಯಾಯ ಕೇಳಲು ಬಂದಾಗ, ಜಗುಲಿಯ ಮೇಲಿಂದ ಮೊದಲು ಬರುವ ಉತ್ತರ ಯಾವುದು? “ಊಟಕ್ಕೆ ಬಟ್ಟೆಗೆ ಏನು ಕಡಿಮೆ ಮಾಡಿದ್ದೇವೆ?” ಉಟ್ಟ ಸೀರೆ ರೇಷ್ಮೆಯದಾದರೆ ಬೆನ್ನ ಮೇಲಿನ ಬಾಸುಂಡೆ ಮಾಯುವುದಿಲ್ಲ ಎಂಬುದು ನಮಗೆ ಯಾರೂ ಹೇಳಿಕೊಡಬೇಕಾದ ವಿಷಯವಲ್ಲ. ಸಾಕುವುದು ಕಟ್ಟಿಕೊಂಡವರ ಕರ್ತವ್ಯ. ಹೊಡೆಯುವ ಹಕ್ಕಿಗೆ ಕೊಟ್ಟ ಮುಂಗಡ ಅದಲ್ಲ.

ಕೋಣದ ಹುಟ್ಟುಗುಣವಾದರೂ ಎಂಥದು? ಭಾರವಾದ ಒಡಲು, ನಿಧಾನದ ನಡೆ, ಕೆಸರು ನೀರು ಕಂಡರೆ ಮಲಗುವ ಆಸೆ. ಅದನ್ನು ಅದೇ ಕೆಸರಿನಲ್ಲಿ ಓಡಿಸುವಾಗ ಹಿಂದಿನವನ ಕೈಯಲ್ಲಿ ಬಾರುಕೋಲು. 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟು ಮತ್ತು ಎತ್ತಿನಗಾಡಿ ಓಟಗಳನ್ನು ನಿಷೇಧಿಸಿದಾಗ, ಎತ್ತಿನ ದೇಹ ಕುದುರೆಯ ಹಾಗೆ ಓಟಕ್ಕೆ ಒದಗುವಂಥದಲ್ಲ ಎಂದೇ ಹೇಳಿತ್ತು. ನೋವು, ಹೆದರಿಕೆಗಳಿಂದ ಬಿಡುಗಡೆ ಪ್ರಾಣಿಗೂ ಸಲ್ಲಬೇಕು ಎಂದಿತ್ತು. 2016ರಲ್ಲಿ ಕಂಬಳಕ್ಕೂ ಹೈಕೋರ್ಟಿನ ತಡೆ ಬಂತು. ಆಮೇಲೆ ನಮ್ಮ ರಾಜ್ಯ ಕಾನೂನಿಗೆ ತಿದ್ದುಪಡಿ ತಂದು ಕಂಬಳಕ್ಕೆ ದಾರಿ ಮಾಡಿಕೊಟ್ಟಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿಯಿತು. ಆದರೆ ಅದೇ ತೀರ್ಪು, ನಿಯಮಗಳು ಕಟ್ಟುನಿಟ್ಟಾಗಿ ಜಾರಿಯಾಗಬೇಕು, ಅದಕ್ಕೆ ಜಿಲ್ಲಾಧಿಕಾರಿಗಳೇ ಹೊಣೆ ಎಂದೂ ಹೇಳಿತು. ಗೆದ್ದ ಸಂಭ್ರಮದಲ್ಲಿ ಈ ಎರಡನೆಯ ಮಾತು ಯಾರ ಬಾಯಲ್ಲೂ ಅಷ್ಟಾಗಿ ಬರಲಿಲ್ಲ.

ಈಗ ಕಂಬಳ ಕಾನೂನಿಗೆ ಸಮ್ಮತ, ಒಪ್ಪೋಣ. ಆದರೆ ತಡೆಯದೆ ಇರುವುದು ಬೇರೆ, ಎಲೆ ಅಡಿಕೆ ಕೊಟ್ಟು ಕರೆಯುವುದು ಬೇರೆ. ಕರಾವಳಿಯ ಗದ್ದೆಯಲ್ಲಿ ಬೇಸಾಯದೊಡನೆ, ದೈವದ ಹರಕೆಯೊಡನೆ ನಡೆದುಬಂದ ಕಂಬಳ ಆ ಊರಿನವರದು. ಅರಮನೆ ಮೈದಾನದಲ್ಲಿ ಮಣ್ಣು ಅಗೆದು, ನೀರು ತುಂಬಿಸಿದ ಕರೆಯಲ್ಲಿ ಯಾರ ಬೇಸಾಯ, ಯಾವ ಹರಕೆ? ಅಲ್ಲಿ ಉಳಿದದ್ದು ನೋಟ ಮಾತ್ರ. ಆ ನೋಟಕ್ಕೆ ದುಡ್ಡು ಕೊಟ್ಟವರಲ್ಲಿ ದೊಡ್ಡಬಳ್ಳಾಪುರದ ಮಗ್ಗದ ಮನೆಯವಳೂ ಇದ್ದಾಳೆ, ಹೊಸಕೋಟೆಯ ತರಕಾರಿ ಮಾರುವವಳೂ ಇದ್ದಾಳೆ.

ಇದನ್ನೆಲ್ಲ ಹೇಳಿದರೆ ಪರಂಪರೆಯ ವಿರೋಧಿ ಎನ್ನುತ್ತಾರೆ. ನಮ್ಮ ದೇಶದ ಪ್ರಾಣಿಹಿಂಸೆ ತಡೆ ಕಾಯ್ದೆ 1960ರದು. ಅದಕ್ಕಾಗಿ ರಾಜ್ಯಸಭೆಯಲ್ಲಿ ದನಿ ಎತ್ತಿದವರು ಕಲಾಕ್ಷೇತ್ರ ಕಟ್ಟಿದ ರುಕ್ಮಿಣೀದೇವಿ ಅರುಂಡೇಲ್. ಭರತನಾಟ್ಯಕ್ಕೆ ಮರುಜೀವ ಕೊಡಲು ದುಡಿದ ಆ ಹೆಣ್ಣುಮಗಳಿಗಿಂತ ಪರಂಪರೆಯ ಮೇಲೆ ಹೆಚ್ಚು ಪ್ರೀತಿಯಿದ್ದವರು ಎಷ್ಟು ಮಂದಿ? ಪ್ರೀತಿಯಿದ್ದ ಕಡೆ ತಿದ್ದುವ ಧೈರ್ಯವೂ ಇರಬೇಕಾಗುತ್ತದೆ.

ಕರಾವಳಿಯವರು ನಮ್ಮನ್ನು ತಿರುಗಿ ಕೇಳಬಹುದು: “ನಿಮ್ಮ ಕಡೆ ಎಲ್ಲ ಸರಿಯಿದೆಯೇ ಅಕ್ಕ?” ನ್ಯಾಯವಾದ ಪ್ರಶ್ನೆ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹಳ್ಳಿಕಾರ್ ಎತ್ತುಗಳನ್ನು ಮದುವಣಿಗರಂತೆ ಸಿಂಗರಿಸಿ ತರುತ್ತೇವೆ. ಟ್ರ್ಯಾಕ್ಟರು ಬಂದಮೇಲೆ ಎತ್ತಿನ ಗತಿ ಏನಾಯಿತು? ಡೇರಿಗೆ ಹಾಕುವ ಹಾಲಿಗೆ ಲೀಟರಿಗೆ 5 ರೂಪಾಯಿಯ ಸರ್ಕಾರಿ ಪ್ರೋತ್ಸಾಹಧನ ಇದೆ. ಸೀಮೆಹಸು ಗಂಡು ಕರು ಹಾಕಿದರೆ ಅದಕ್ಕೆ ಏನಿದೆ? ಹಾಲು ಹೊಟ್ಟೆಪಾಡು, ಓಟ ಮೋಜು ಎಂದು ವ್ಯತ್ಯಾಸ ಹೇಳಬಹುದು, ಅದು ನಿಜವೂ ಹೌದು. ಆದರೂ ಅವರ ಪ್ರಶ್ನೆ ಅಲ್ಲಿಗೆ ತೀರುವುದಿಲ್ಲ. ನಮ್ಮ ಕೊಟ್ಟಿಗೆಯಲ್ಲೂ ತಪ್ಪಿದೆಯೆಂದರೆ ಕೇಳಬೇಕಾದ ಲೆಕ್ಕ ಎರಡಾಯಿತು, ಅಷ್ಟೇ. ಒಂದನ್ನು ತೋರಿಸಿ ಇನ್ನೊಂದನ್ನು ವಜಾ ಮಾಡಲಾಗದು.

ಸ್ತ್ರೀಶಕ್ತಿ ಸಂಘದಲ್ಲಿ ಐದು ಸಾವಿರ ಸಾಲ ಕೊಡುವಾಗ ಯಾತಕ್ಕೆ, ಹೇಗೆ ಎಂದು ಹತ್ತು ಸಲ ಕೇಳುತ್ತೇವೆ. ಸರ್ಕಾರದ ಕೋಟಿಯನ್ನೂ ಹಾಗೆಯೇ ಕೇಳಬೇಕು. ಬಾರುಕೋಲು ಕೆಳಗಿಟ್ಟರೆ ಮಾತ್ರ ನೆರವು, ಮೈಮೇಲೆ ಗಾಯ ಕಂಡರೆ ಬಹುಮಾನವಿಲ್ಲ ಎಂಬ ಕರಾರು ಇರಲಿ. ಓಟಕ್ಕೆ ಕೊಟ್ಟಷ್ಟನ್ನೇ ತಾಲ್ಲೂಕಿನ ದನದ ಆಸ್ಪತ್ರೆಗೂ ಕೊಡಲಿ. ಹೊಡೆಯದೆ ಓಡುವ ಕೋಣವಿದ್ದರೆ ಅದು ಓಡಲಿ, ನಾವೂ ಚಪ್ಪಾಳೆ ತಟ್ಟೋಣ. ಹೊಡೆದರಷ್ಟೇ ಓಡುತ್ತದೆ ಎಂದಾದರೆ ಆ ಓಟ ಅದಕ್ಕೆ ಬೇಡವಾಗಿದೆ ಎಂದೇ ಅರ್ಥ. ಬೇಡ ಎನ್ನಲು ಬಾಯಿಲ್ಲದವರ ಪರವಾಗಿ, ದುಡ್ಡು ಕೊಟ್ಟವರಾದ ನಾವಾದರೂ ಬೇಡ ಎನ್ನಬೇಕು.